ಬಾಗಿಲು ಗಟ್ಟಿಯಾಗಿ ಹಿಡ್ಕೊಳ್ಳಿ: ಐಸ್‌ಲ್ಯಾಂಡಿನಲ್ಲಿ ಆರು ದಿನದ ಬಾಡಿಗೆ ಕಾರು

ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಜಾವ ಮೂರೂವರೆ. ಹೊರಗೆ ನೋಡಿದರೆ ಬೆಳಕೋ ಬೆಳಕು. ಜೂನ್ ತಿಂಗಳಲ್ಲಿ ಇಲ್ಲಿ ಸರಿಯಾಗಿ ಕತ್ತಲಾಗುವುದೇ ಇಲ್ಲ ಅಂತ ಗೊತ್ತಿತ್ತು, ಆದರೂ ನಿದ್ದೆಗಣ್ಣು ನಂಬಲಿಲ್ಲ.

ಕೌಂಟರಿನ ಹುಡುಗಿ ಲೈಸೆನ್ಸು, ಇಂಟರ್‌ನ್ಯಾಷನಲ್ ಪರ್ಮಿಟ್ಟು, ಕ್ರೆಡಿಟ್ ಕಾರ್ಡು ಮೂರನ್ನೂ ಸಾಲಾಗಿ ಇಟ್ಟುಕೊಂಡು ವಿಮೆಯ ಪಟ್ಟಿ ಓದತೊಡಗಿದಳು. ಜಲ್ಲಿಕಲ್ಲು ಹಾರಿ ಗಾಜಿಗೆ ಬಡಿದರೆ ಒಂದು ವಿಮೆ. ಮರಳಿಗೂ ಬೂದಿಗೂ ಇನ್ನೊಂದು. ಬೂದಿ ಅಂದರೆ ಜ್ವಾಲಾಮುಖಿಯ ಬೂದಿ! 2010ರಲ್ಲಿ ಯುರೋಪಿನ ವಿಮಾನಗಳನ್ನೆಲ್ಲ ನೆಲಕ್ಕೆ ಕೂರಿಸಿತ್ತಲ್ಲ, ಆ ಎಯ್ಯಾಫ್ಯಾಟ್ಲಾಯೋಕುಟ್ಲ್ ಇರುವುದು ನಾವು ಹೊರಟಿದ್ದ ದಾರಿಯಲ್ಲೇ. ಆ ಕಡೆ ಗಾಳಿ ಎದ್ದರೆ ಕಪ್ಪು ಮರಳು ಕಾರಿನ ಬಣ್ಣವನ್ನು ಉಪ್ಪುಕಾಗದದಲ್ಲಿ ತಿಕ್ಕಿದ ಹಾಗೆ ಕಿತ್ತುಬಿಡುತ್ತದೆ. ಎರಡಕ್ಕೂ ದುಡ್ಡು ಕಟ್ಟಿದೆ. ಕೀ ಕೊಡುವಾಗ ಅವಳು ಹೇಳಿದಳು: "ಬಾಗಿಲನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ತೆಗೀರಿ. ಗಾಳಿಗೆ ಬಾಗಿಲು ಮುರಿದ್ರೆ ಇದ್ಯಾವುದೂ ಬರಲ್ಲ." ನನಗೆ ನಗು ಬಂತು. ಇಷ್ಟೆಲ್ಲ ಕಟ್ಟಿದ ಮೇಲೆ ಉಳಿದದ್ದು ಬಾಗಿಲಾ?

ಕಾರಿನ ಸುತ್ತ ಒಂದು ಸುತ್ತು ಬಂದು ವಿಡಿಯೊ ಮಾಡಿಕೊಂಡೆ. ಬಾನೆಟ್ ಮೇಲೆ ಅಕ್ಕಿಕಾಳಿನಷ್ಟು ಬಣ್ಣ ಹೋಗಿತ್ತು, ಅದನ್ನು ಹತ್ತಿರದಿಂದ ಹಿಡಿದೆ.

ನನಗೆ ಅಭ್ಯಾಸ ರಸ್ತೆಯ ಎಡಗಡೆ, ಇಲ್ಲಿ ಓಡಿಸುವುದು ಬಲಗಡೆ. ಆಟೋಮ್ಯಾಟಿಕ್ ತಗೊಂಡಿದ್ದು ಪುಣ್ಯ. ನಿಲ್ದಾಣ ಬಿಟ್ಟು ಐದು ನಿಮಿಷದಲ್ಲಿ ಸರ್ಕಲ್ ಬಂತು. ಇಂಡಿಕೇಟರ್ ಅಂತ ಅಭ್ಯಾಸಬಲದಿಂದ ಬಲಗೈ ಕಡ್ಡಿ ಒತ್ತಿದೆ, ಇಲ್ಲಿ ಅದು ವೈಪರಿನದು, ಒಣ ಗಾಜಿನ ಮೇಲೆ ಕಿರ್ ಕಿರ್ ಅಂತ ಓಡಾಡಿತು. ಮುಂದಿನ ಸರ್ಕಲ್‌ನಲ್ಲೂ ಅದೇ. ಮೇಲಿಂದ ಐಸ್‌ಲ್ಯಾಂಡಿನದ್ದೇ ಒಂದು ನಿಯಮ ಇದೆ: ಎರಡು ಲೇನಿನ ಸರ್ಕಲ್‌ನಲ್ಲಿ ಒಳಗಿನ ಲೇನಿನವನು ಹೊರಬೀಳುವಾಗ ಹೊರಗಿನ ಲೇನಿನವನು ಅವನಿಗೆ ದಾರಿ ಬಿಡಬೇಕು. ಗೊತ್ತಿಲ್ಲದೆ ನುಗ್ಗಿ ಒಬ್ಬರ ಹತ್ತಿರ ಹಾರ್ನ್ ಹೊಡೆಸಿಕೊಂಡೆ. ರಾಜಧಾನಿ ರೇಕ್ಯಾವಿಕ್‌ಗೆ ಸುಮಾರು 50 ಕಿಲೋಮೀಟರ್. ಪಕ್ಕದಲ್ಲಿ ಕೂತಿದ್ದ ಗೆಳೆಯ ದಾರಿಯುದ್ದಕ್ಕೂ "ಗೆರೆ ತಿಂತಿದೀಯ, ಗೆರೆ ತಿಂತಿದೀಯ" ಅಂತ ಕೂಗುತ್ತಲೇ ಇದ್ದ. ಇಲ್ಲಿನವರೂ 1968ರ ಮೇ 26ರ ತನಕ ಎಡಗಡೆಯೇ ಓಡಿಸುತ್ತಿದ್ದರು. ಅವರು ಒಂದೇ ಬೆಳಿಗ್ಗೆ ಬದಲಾದರು, ನನಗೆ ಎರಡು ದಿನ ಬೇಕಾಯಿತು.

ಪೆಟ್ರೋಲ್ ಬಂಕಿನಲ್ಲಿ ಆಳೇ ಇಲ್ಲ. ಯಂತ್ರಕ್ಕೆ ಕಾರ್ಡ್ ಹಾಕಬೇಕು, ಪಿನ್ ಒತ್ತಬೇಕು, ನಾವೇ ತುಂಬಿಸಿಕೊಳ್ಳಬೇಕು.

ರೇಕ್ಯಾವಿಕ್ ದಾಟಿ 1ನೇ ನಂಬರ್ ರಸ್ತೆ ಹಿಡಿದ ಮೇಲೆ ಖುಷಿ ಶುರುವಾಯಿತು. ಇದು ದೇಶವನ್ನೇ ಸುತ್ತಿಬರುವ, 1,300 ಕಿಲೋಮೀಟರಿಗೂ ಉದ್ದದ ರಸ್ತೆ. ಟಾರಿನ ಮೇಲೆ 90, ಜಲ್ಲಿ ರಸ್ತೆಯಲ್ಲಿ 80, ಅದಕ್ಕಿಂತ ಜಾಸ್ತಿ ಹೋಗುವಂತಿಲ್ಲ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. "ಐನ್‌ಬ್ರೆಯ್ದ್ ಬ್ರೂ" ಅಂತ ಬೋರ್ಡ್ ಕಂಡರೆ ಮುಂದೆ ಒಂದೇ ಗಾಡಿ ಹಿಡಿಸುವ ಸೇತುವೆ, ಮೊದಲು ಹತ್ತಿರ ಬಂದವರು ಮೊದಲು ದಾಟುತ್ತಾರೆ. ಎದುರಿನವರಿಗೆ ಲೈಟ್ ಮಿನುಗಿಸಿ ಬಿಟ್ಟುಕೊಡುವುದು, ಅವರು ಕೈ ಎತ್ತುವುದು, ಇದೆಲ್ಲ ನನಗೆ ತುಂಬಾ ಹಿಡಿಸಿತು. ಕುರಿಗಳದ್ದು ಮಾತ್ರ ಬೇರೆ ಲೆಕ್ಕ. ತಾಯಿ ರಸ್ತೆಯ ಈ ಕಡೆ, ಮರಿ ಆ ಕಡೆ ಇದ್ದರೆ ಕಣ್ಣು ಮುಚ್ಚಿ ಬ್ರೇಕ್ ಒತ್ತಿ. ಮರಿ ಓಡಿ ಬಂದೇ ಬರುತ್ತದೆ.

ಮೂರನೇ ದಿನ ಗಾಳಿ ಎದ್ದಿತು. ಸೆಲ್ಯಾಲಾಂಡ್ಸ್‌ಫಾಸ್ ಜಲಪಾತದ ಹಿಂದೆ ನಡೆದು ಪೂರ್ತಿ ಒದ್ದೆಯಾಗಿ ಕಾರಿಗೆ ಬಂದು ಕೂತಿದ್ದೆವು. ಅಲ್ಲಿಂದ ಪೂರ್ವಕ್ಕೆ ಬೆಟ್ಟದ ಬುಡದಲ್ಲೇ ರಸ್ತೆ, ಮೇಲಿಂದ ಗಾಳಿ ಸುಮ್ನೆ ಬೀಸುವುದಿಲ್ಲ, ಗುದ್ದುತ್ತದೆ. ರಸ್ತೆ ಬದಿಯ ಡಿಜಿಟಲ್ ಬೋರ್ಡಿನಲ್ಲಿ 20 ಅಂತಿತ್ತು. ಇಪ್ಪತ್ತೇ ಅಲ್ವಾ ಅಂದುಕೊಂಡೆ. ಗೆಳೆಯ ಫೋನ್ ತೆಗೆದು ಲೆಕ್ಕ ಹಾಕಿದ: ಅದು ಸೆಕೆಂಡಿಗೆ ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್. ಸ್ಟೀರಿಂಗ್ ಗಾಳಿಯ ಕಡೆಗೆ ಸ್ವಲ್ಪ ತಿರುಗಿಸಿಯೇ ನೇರ ಹೋಗಬೇಕಾಗಿತ್ತು, ಬೆಟ್ಟ ಗಾಳಿಗೆ ಅಡ್ಡ ಬಂದ ಕೂಡಲೇ ಕಾರು ಆ ಕಡೆ ವಾಲುತ್ತಿತ್ತು, ಕೈಯೆಲ್ಲ ಬೆವರು.

ಸ್ಕೋಗಾಫಾಸ್ ಜಲಪಾತದ ಪಾರ್ಕಿಂಗಿನಲ್ಲಿ ನಮ್ಮ ಪಕ್ಕದ ಕಾರು ಗಾಳಿಗೆ ಬೆನ್ನು ಮಾಡಿ ನಿಂತಿತ್ತು. ಒಬ್ಬಾಕೆ ಬಾಗಿಲು ಒಂದು ಗೇಣು ತೆಗೆದಳು ಅಷ್ಟೇ. ಉಳಿದದ್ದನ್ನು ಗಾಳಿಯೇ ತೆಗೆಯಿತು. ಠಣ್ ಅಂತ ಸದ್ದು. ಬಾಗಿಲು ಮುಂದಕ್ಕೆ ಮಡಿಚಿಕೊಂಡು ಹೋಗಿ, ಕೀಲಿನ ಹತ್ತಿರ ತಗಡು ಕಾಗದದ ಹಾಗೆ ಸುಕ್ಕಾಗಿತ್ತು. ಆಕೆಯ ಗಂಡ ಬಂದು ತಳ್ಳಿ ನೋಡಿದ. ಮುಚ್ಚಲೇ ಇಲ್ಲ. ಇಬ್ಬರೂ ಮಾತಾಡದೆ ಅದನ್ನೇ ನೋಡುತ್ತಾ ನಿಂತರು. ನಾನು ಮೆಲ್ಲಗೆ ರಿವರ್ಸ್ ಹಾಕಿ, ಮೂತಿ ಗಾಳಿಗೆ ಎದುರಾಗಿ ಇರುವ ಹಾಗೆ ತಿರುಗಿಸಿ ನಿಲ್ಲಿಸಿದೆ. ಗೆಳೆಯ ಹೊರಗಿಂದ ಹಿಡಿದುಕೊಂಡ, ನಾನು ಒಳಗಿಂದ ತಳ್ಳಿದೆ. ಆಮೇಲೆ ಮೂರು ದಿನವೂ ಹಾಗೇ. ವೀಕ್ ಊರಿನಲ್ಲಿ ಬ್ರೆಡ್ ತರಲು ಇಳಿದಾಗಲೂ ಹಾಗೇ.

ವಾಪಸ್ ಕೊಡುವಾಗ ಅಲ್ಲಿನ ಹುಡುಗ ಬಾನೆಟ್ ಮೇಲಿನ ಗುರುತಿಗೆ ಬೆರಳಿಟ್ಟ. ವಿಡಿಯೊ ತೋರಿಸಿದೆ, ತಲೆಯಾಡಿಸಿದ. ಆದರೆ ಅದು ಆಮೇಲಿನ ಮಾತು. ಕಾರು ನಿಂತ ಕೂಡಲೇ ಅವನು ಬಣ್ಣ ನೋಡಲಿಲ್ಲ, ಪೆಟ್ರೋಲ್ ಮುಳ್ಳನ್ನೂ ನೋಡಲಿಲ್ಲ. ನಾಲ್ಕೂ ಬಾಗಿಲನ್ನು ಒಂದೊಂದಾಗಿ ತೆಗೆದು, ಕೀಲಿನ ಹತ್ತಿರ ಕಿವಿಯಿಟ್ಟ ಹಾಗೆ ಬಗ್ಗಿ, ಮುಚ್ಚಿ ನೋಡಿದ.