ರಾಜಾಬಾಯಿ ಗೋಪುರ ಮತ್ತು ಧಾರವಾಡದ ಹತ್ತಿ

ಮುಂಬಯಿ ನೋಡಲು ಬಂದವರು ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ ಅಂತ ಓಡಾಡಿ ಊರಿನ ರೈಲು ಹತ್ತುತ್ತಾರೆ. ಫೋರ್ಟ್ ಪ್ರದೇಶದ ಮುಂಬಯಿ ವಿಶ್ವವಿದ್ಯಾಲಯ, ಅದರ ರಾಜಾಬಾಯಿ ಗಡಿಯಾರ ಗೋಪುರ ಅವರಿಗೆ ಟ್ಯಾಕ್ಸಿ ಕಿಟಕಿಯಲ್ಲಿ ಕಂಡಷ್ಟೇ. ಗೇಟಿನ ವಾಚ್‌ಮನ್ ಸುಮ್ಮಸುಮ್ಮನೆ ಯಾರನ್ನೂ ಒಳಗೆ ಬಿಡುವುದಿಲ್ಲ ಎನ್ನುವುದೂ ಇದಕ್ಕೊಂದು ಕಾರಣ. ನಾವು ಗೈಡ್ ಇರುವ ಹೆರಿಟೇಜ್ ವಾಕ್‌ಗೆ ಮೊದಲೇ ಹೆಸರು ಬರೆಸಿದ್ದೆವು. ಧಾರವಾಡದ ಕಾಕಾ ಜೊತೆಗಿದ್ದರು.

ಚರ್ಚ್‌ಗೇಟಿನಲ್ಲಿಳಿದು ಓವಲ್ ಮೈದಾನ ದಾಟುವುದೇ ಚೆಂದ. ಬೆನ್ನ ಹಿಂದೆ ಆರ್ಟ್ ಡೆಕೊ ಮನೆಗಳ ಸಾಲು, ಎದುರಿಗೆ ಹೈಕೋರ್ಟು, ವಿಶ್ವವಿದ್ಯಾಲಯ. ಎರಡೂ ಸಾಲು ಸೇರಿ 2018ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಗೋಪುರ ನೋಡುತ್ತ ನಡೆಯುವವರು ಕ್ರಿಕೆಟ್ ಚೆಂಡಿನ ಬಗ್ಗೆ ಎಚ್ಚರವಾಗಿರಬೇಕು.

ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಈ ಕಟ್ಟಡಗಳ ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಕಾಲಿಟ್ಟವರೇ ಅಲ್ಲ, ಇಂಗ್ಲೆಂಡಿನಲ್ಲೇ ಕೂತು ಕಳಿಸಿದರು. ಪದವಿ ಪ್ರದಾನದ ಸಭಾಂಗಣಕ್ಕೆ ಹೊಕ್ಕರೆ ದೊಡ್ಡದೊಂದು ದುಂಡು ಕಿಟಕಿ. ಅದರ ಬಣ್ಣದ ಗಾಜಿನಲ್ಲಿ ಹನ್ನೆರಡು ರಾಶಿಗಳು. ಗೈಡ್ ಏನೋ ಹೇಳುತ್ತಿದ್ದರೂ ನಮ್ಮ ಗುಂಪೆಲ್ಲ ಕತ್ತೆತ್ತಿ ತಂತಮ್ಮ ರಾಶಿ ಹುಡುಕುವುದರಲ್ಲೇ ಇತ್ತು. ಕಾಕಾ ಅವರದು ವೃಶ್ಚಿಕ. ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು.

ಪಕ್ಕದ್ದೇ ಗ್ರಂಥಾಲಯ, ಅದರ ಮೇಲೆ ರಾಜಾಬಾಯಿ ಗೋಪುರ. ಎತ್ತರ 280 ಅಡಿ, ಮೇಲೆ ಹತ್ತಲು ಬಿಡುವುದಿಲ್ಲ. ಅದು ನನಗೆ ಬೇಸರವೆನಿಸಲಿಲ್ಲ. ನೋಡಬೇಕಾದ್ದು ಕೆಳಗೇ ಇದೆ: ಸುರುಳಿ ಮೆಟ್ಟಿಲು, ಕಲ್ಲಿನಲ್ಲಿ ಕೊರೆದ ಎಲೆ, ಬಳ್ಳಿ. ಹತ್ತಿರ ಹೋಗಿ ನೋಡಿದರೆ ಎಲೆಯ ನರವೂ ಬಿಡದಂತೆ ಉಳಿ ಆಡಿಸಿದ್ದಾರೆ.

ಹಣ ಕೊಟ್ಟವರು ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್. 1864ರಲ್ಲಿ ಗ್ರಂಥಾಲಯಕ್ಕೆ 2 ಲಕ್ಷ, ಮುಂದೆ ಗೋಪುರಕ್ಕೆ 2 ಲಕ್ಷ ರೂಪಾಯಿ. ಗೋಪುರಕ್ಕೆ ತಾಯಿಯ ಹೆಸರು. ರಾಜಾಬಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಜೈನರಾದ್ದರಿಂದ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು, ಗಂಟೆ ಕೇಳಿ ಹೊತ್ತು ತಿಳಿಯಲಿ ಎಂದು ಮಗ ಕಟ್ಟಿಸಿದ ಎನ್ನುವುದು ಎಲ್ಲ ಗೈಡುಗಳೂ ಹೇಳುವ ಕಥೆ. "ಊಟಕ್ಕ ಕರೀಲಿಕ್ಕೆ ಇಷ್ಟ ಎತ್ತರ ಬೇಕಾಗಿತ್ತೇನು?" ಎಂದು ಕಾಕಾ ನನ್ನ ಕಿವಿಯಲ್ಲಿ ಕೇಳಿದರು.

ನನಗೆ ಆ ಕಥೆಗಿಂತ ಹಣದ ಮೂಲ ಹೆಚ್ಚು ರುಚಿಸಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ಹತ್ತಿ ನಿಂತು ಇಂಗ್ಲೆಂಡಿನ ಗಿರಣಿಗಳಿಗೆ ಹೆಚ್ಚಾಗಿ ಮುಂಬಯಿಯ ಹತ್ತಿಯೇ ಗತಿಯಾಯಿತು. ಬೆಲೆ ಗಗನಕ್ಕೇರಿತು. ಯುದ್ಧ ಮುಗಿದದ್ದೇ ತಡ, ಎಲ್ಲ ಕುಸಿದು ಪ್ರೇಮಚಂದರೂ ದಿವಾಳಿಯಾದರು. ಗೋಪುರದ ಕೆಲಸ ಶುರುವಾದದ್ದು ಆಮೇಲೆ 1869ರಲ್ಲಿ, ಮುಗಿದದ್ದು 1878ರಲ್ಲಿ. ಆ ಕಾಲಕ್ಕೆ ಧಾರವಾಡ ಸೀಮೆಯ ಹತ್ತಿಯೂ ಘಟ್ಟ ಇಳಿದು, ಕುಮಟಾ ಬಂದರಿನಿಂದ ಹಡಗೇರಿ ಮುಂಬಯಿಗೆ ಬರುತ್ತಿತ್ತು. ಇದನ್ನು ಹೇಳಿದಾಗ ಕಾಕಾ ಗೋಡೆಗೆ ಕೈಯಿಟ್ಟು, "ಅಂದ್ರ ಇದರಾಗ ನಮ್ಮ ಹತ್ತೀ ರೊಕ್ಕಾನೂ ಅದ ಅನ್ನು, ತಮ್ಮಾ!" ಎಂದರು.

ಬರೀ ಹತ್ತಿಯಲ್ಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೂ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಾಲೇಜು ಹುಡುಗರಿಗೆ ಡಿಗ್ರಿ ಕೊಡುತ್ತಿದ್ದುದು ಇದೇ ವಿಶ್ವವಿದ್ಯಾಲಯ. "ನಮ್ಮಪ್ಪನ ಬಿ.ಎ. ಸರ್ಟಿಫಿಕೇಟಿನ ಮ್ಯಾಗ ಇದ ಹೆಸರು. ಆದ್ರ ಅಂವಾ ಮುಂಬೈ ಮಾರಿ ನೋಡಿದಾಂವ ಅಲ್ಲ," ಎಂದರು ಕಾಕಾ. ಗೇಟಿನ ವಾಚ್‌ಮನ್‌ಗೂ ಅದನ್ನೇ ಹಿಂದಿಯಲ್ಲಿ ಹೇಳಲು ಹೊರಟಿದ್ದರು, ನಾನು ಎಳೆದುಕೊಂಡು ಬಂದೆ.

ಈಗಿನ ಕನ್ನಡ ವಿಭಾಗ ಇರುವುದು ಇಲ್ಲಲ್ಲ, ಕಲೀನಾದ ಕ್ಯಾಂಪಸ್ಸಿನಲ್ಲಿ. ಇವತ್ತು ಭಾನುವಾರ, ಮುಚ್ಚಿರುತ್ತದೆ ಎಂದೆ. "ಮುಚ್ಚಿದ್ರ ಮುಚ್ಚಲಿ, ಬೋರ್ಡ್ ಆದ್ರೂ ನೋಡೂಣು," ಎಂದು ಕಾಕಾ ಸ್ಟೇಷನ್ನಿನ ಕಡೆ ಆಗಲೇ ಹೆಜ್ಜೆ ಹಾಕಿದ್ದರು.