ಪಾಪವನ್ನು ದೇವರಿಗೇ ನೇರವಾಗಿ ಹೇಳಬಾರದಾ? ಫಾದರ್ ಹತ್ತಿರ ಯಾಕೆ ಹೋಗಬೇಕು?

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯ ಸ್ನೇಹಿತರು ಕೇಳುತ್ತಾರೆ. ಪೆಂತೆಕೊಸ್ತು ಸಭೆಗೆ ಹೋಗುವ ನೆಂಟರೂ ಕೇಳುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂದು, ಕಥೋಲಿಕರಾದ ನಾವು ಪಾಪನಿವೇದನೆಗೆ, ಅಂದರೆ ಗುರುಗಳ (ಫಾದರ್) ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯಲು, ಹೊರಟೆವು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಪಾಪ ಕ್ಷಮಿಸುವವರು ದೇವರು ತಾನೇ? ಮನೆಯಲ್ಲೇ ಮಂಡಿಯೂರಿ ಅವರಿಗೆ ಹೇಳಿಕೊಂಡರೆ ಸಾಲದಾ? ನಮ್ಮ ಹಾಗೇ ಪಾಪಿಯಾದ ಒಬ್ಬ ಮನುಷ್ಯನ ಮುಂದೆ ಯಾಕೆ ಹೇಳಬೇಕು? ಬೈಬಲ್‌ನಲ್ಲಿ ಎಲ್ಲಿದೆ ಇದು?"

ಹೀಗೆ ಕೇಳುವವರಲ್ಲಿ ಹೆಚ್ಚಿನವರು ಬೈಬಲನ್ನು ಪ್ರೀತಿಯಿಂದ ಓದುವವರು. ಆದ್ದರಿಂದ ನಾನೂ ಬೈಬಲ್ ತೆರೆದುಕೊಂಡೇ ಉತ್ತರ ಕೊಡುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ದೇವರಿಗೆ ನೇರವಾಗಿಯೂ ಹೇಳಿಕೊಳ್ಳುತ್ತೇವೆ. ಬಲಿಪೂಜೆಯ (ಮಾಸ್) ಆರಂಭದಲ್ಲೇ ಎದೆ ತಟ್ಟಿಕೊಂಡು ನಮ್ಮ ಪಾಪಗಳನ್ನು ಒಪ್ಪಿಕೊಳ್ಳುತ್ತೇವೆ. ರಾತ್ರಿ ಮಲಗುವ ಮುಂಚೆ ಪಶ್ಚಾತ್ತಾಪದ ಪ್ರಾರ್ಥನೆ ಮಾಡುತ್ತೇವೆ. ಪಾಪಕ್ಕೆ ಕ್ಷಮೆ ಬೇಡುವ ದಾವೀದನ 51ನೇ ಕೀರ್ತನೆ ನಿಮಗೆಷ್ಟು ಹತ್ತಿರವೋ ನಮಗೂ ಅಷ್ಟೇ ಹತ್ತಿರ. ಹಾಗಾಗಿ ನೇರವಾಗಿ ಹೇಳಬಹುದಾ ಎಂಬುದರಲ್ಲಿ ಜಗಳವೇ ಇಲ್ಲ. ಕ್ಷಮೆಯನ್ನು ನಮಗೆ ತಲುಪಿಸಲು ಯೇಸುಸ್ವಾಮಿ ಬೇರೊಂದು ದಾರಿಯನ್ನೂ ಇಟ್ಟುಹೋಗಿದ್ದಾರಾ, ಅದನ್ನು ನೋಡಬೇಕು.

ಅದಕ್ಕೆ ನಾನು ಮೊದಲು ಸೌಲನ ಕಥೆ ಓದಿ ಅನ್ನುತ್ತೇನೆ. ಪ್ರೇಷಿತರ ಕಾರ್ಯಕಲಾಪಗಳು, 9ನೇ ಅಧ್ಯಾಯ. ಪ್ರೊಟೆಸ್ಟೆಂಟರಾದ ನಿಮ್ಮ ಸತ್ಯವೇದದಲ್ಲಿ (ಬೈಬಲ್) ಅದು ಅಪೊಸ್ತಲರ ಕೃತ್ಯಗಳು. ಕ್ರೈಸ್ತರನ್ನು ಹಿಡಿದು ತರಲು ಸೌಲ ದಮಸ್ಕಕ್ಕೆ ಹೊರಟಿದ್ದಾನೆ. ದಾರಿಯಲ್ಲಿ ಬೆಳಕು ಸುತ್ತಿಕೊಳ್ಳುತ್ತದೆ, ಅವನು ನೆಲಕ್ಕೆ ಬೀಳುತ್ತಾನೆ. ಸ್ವತಃ ಯೇಸು ಅವನ ಹೆಸರು ಹಿಡಿದು ಮಾತಾಡುತ್ತಾರೆ. ಇದಕ್ಕಿಂತ ನೇರವಾದ ಭೇಟಿ ಉಂಟಾ? "ನಿನ್ನ ಪಾಪಗಳನ್ನು ಕ್ಷಮಿಸಿದ್ದೇನೆ, ಏಳು" ಅಂತ ಅಲ್ಲೇ ಹೇಳಿ ಮುಗಿಸಬಹುದಿತ್ತು. ಯೇಸು ಹಾಗೆ ಮಾಡಲಿಲ್ಲ. ಪಟ್ಟಣದೊಳಕ್ಕೆ ಹೋಗು, ಏನು ಮಾಡಬೇಕೆಂದು ಅಲ್ಲಿ ತಿಳಿಸುತ್ತಾರೆ ಎಂದು ಕಳಿಸಿದರು. ಕಣ್ಣು ಕಾಣದ ಸೌಲನನ್ನು ಜೊತೆಯವರು ಕೈಹಿಡಿದು ನಡೆಸಿಕೊಂಡು ಹೋದರು. 3 ದಿನ ಅವನು ಊಟ ಮಾಡಲಿಲ್ಲ, ನೀರೂ ಕುಡಿಯಲಿಲ್ಲ. ಆಮೇಲೆ ನೇರ ಬೀದಿ ಎಂಬ ಬೀದಿಯ ಒಂದು ಮನೆಗೆ ಅನನೀಯ ಎಂಬ ಶಿಷ್ಯ ಬಂದ. ಅವನಿಗೂ ಸೌಲನ ಹೆಸರು ಕೇಳಿಯೇ ಭಯ. ಆದರೂ ಬಂದು, ಅವನ ಮೇಲೆ ಕೈಯಿಟ್ಟು, "ಎದ್ದು ದೀಕ್ಷಾಸ್ನಾನ ಪಡೆದು ನಿನ್ನ ಪಾಪಗಳನ್ನು ತೊಳೆದುಕೋ" ಎಂದ. ಈ ಕೊನೆಯ ಮಾತನ್ನು, ಪೌಲ ಎನಿಸಿಕೊಂಡ ಆ ಸೌಲನೇ ಮುಂದೆ 22ನೇ ಅಧ್ಯಾಯದಲ್ಲಿ ನೆನೆಯುತ್ತಾನೆ.

ನೋಡಿ, ಪಾಪ ತೊಳೆದವರು ದೇವರು. ಆದರೆ ಮನೆಗೆ ಬಂದದ್ದು ಒಬ್ಬ ಮನುಷ್ಯ. ಇದನ್ನು ನೀವೂ ಒಪ್ಪುತ್ತೀರಿ. ನಿಮ್ಮ ಸಭೆಯಲ್ಲೂ ಯಾರೂ ತಮಗೆ ತಾವೇ ದೀಕ್ಷಾಸ್ನಾನ ಕೊಟ್ಟುಕೊಳ್ಳುವುದಿಲ್ಲ. ಪಾಸ್ಟರ್ ಕೊಡುತ್ತಾರೆ. ಅದರಿಂದ ದೇವರ ಸ್ಥಾನವನ್ನು ಪಾಸ್ಟರ್ ಕಿತ್ತುಕೊಂಡರು ಅಂತ ಯಾರೂ ಅನ್ನುವುದಿಲ್ಲ. ದೇವರಿಗೂ ಮನುಷ್ಯರಿಗೂ ನಡುವೆ ಕ್ರಿಸ್ತಯೇಸು ಒಬ್ಬರೇ ಮಧ್ಯಸ್ಥರು ಎಂಬ 1 ತಿಮೊಥೇಯ 2:5ನ್ನು ನನಗೆ ಆಗಾಗ ತೋರಿಸುತ್ತಾರೆ. ಆ ಮಾತಿಗೆ ನಾನು ಪೂರ್ತಿ ಆಮೆನ್ ಅನ್ನುತ್ತೇನೆ. ಶಿಲುಬೆಯ ಮೇಲೆ ರಕ್ತ ಸುರಿಸಿದವರು ಅವರೊಬ್ಬರೇ. ಫಾದರ್ ಕ್ರಿಸ್ತರ ಜಾಗದಲ್ಲಿ ಎರಡನೇ ಮಧ್ಯಸ್ಥರಾಗಿ ಕೂತಿಲ್ಲ, ಕ್ರಿಸ್ತರು ಕೊಟ್ಟು ಕಳಿಸಿದ ಕೆಲಸ ಮಾಡಲು ಕೂತಿದ್ದಾರೆ.

ಕಳಿಸಿದ್ದು ಎಲ್ಲಿ ಅಂದರೆ, ಯೊವಾನ್ನ 20ರಲ್ಲಿ. ಯೇಸು ಪುನರುತ್ಥಾನರಾದ ದಿನವೇ, ಸಂಜೆ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡಿದ್ದಾರೆ. ಯೇಸು ನಡುವೆ ಬಂದು ನಿಂತು ಕೈಯನ್ನೂ ಪಕ್ಕೆಯನ್ನೂ ತೋರಿಸುತ್ತಾರೆ. ಪಿತನು ನನ್ನನ್ನು ಕಳಿಸಿದ ಹಾಗೆಯೇ ನಾನು ನಿಮ್ಮನ್ನು ಕಳಿಸುತ್ತೇನೆ ಅನ್ನುತ್ತಾರೆ. ಅವರ ಮೇಲೆ ಉಸಿರೂದಿ, ಪವಿತ್ರಾತ್ಮರನ್ನು ಪಡೆಯಿರಿ ಎಂದು ಹೇಳಿ, ಈ ಮಾತು ಸೇರಿಸುತ್ತಾರೆ: ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವರಿಗೆ ಕ್ಷಮೆ ಸಿಗುತ್ತದೆ, ಯಾರ ಪಾಪಗಳನ್ನು ಕ್ಷಮಿಸದೆ ಉಳಿಸುತ್ತೀರೋ ಅವು ಉಳಿಯುತ್ತವೆ.

ಮರಣವನ್ನು ಗೆದ್ದು ಬಂದ ದಿನ, ಮೊದಲ ಭೇಟಿಯಲ್ಲೇ ಅವರು ಕೊಟ್ಟ ಕೆಲಸ ಇದು. ಆದಿಕಾಂಡದಲ್ಲಿ ದೇವರು ಆದಾಮನಿಗೆ ಉಸಿರೂದಿ ಜೀವ ಕೊಟ್ಟರು. ಇಲ್ಲಿ ಯೇಸು ಉಸಿರೂದಿ ಕ್ಷಮೆಯ ಅಧಿಕಾರ ಕೊಡುತ್ತಾರೆ. ಅದೂ ಎರಡು ತೆರನಾದ ಅಧಿಕಾರ: ಕ್ಷಮಿಸುವುದು, ಕ್ಷಮಿಸದೆ ಉಳಿಸುವುದು. ಇದು ಬೇಕಾ ಅದು ಬೇಕಾ ಅಂತ ಪ್ರೇಷಿತರು, ಅಂದರೆ ಯೇಸು ಕಳಿಸಿದ ಆ ಶಿಷ್ಯರು, ತೀರ್ಮಾನಿಸಬೇಕಾದರೆ ಎದುರಿಗಿರುವವರು ತಮ್ಮ ಪಾಪವನ್ನು ಹೇಳಲೇಬೇಕು ಅಲ್ವಾ? ಹೇಳದೆ ಅವರಿಗೆ ತಿಳಿಯುವುದು ಹೇಗೆ? ಪಾಪನಿವೇದನೆಯ ಬೇರು ಇರುವುದು ಇಲ್ಲೇ.

ಇದಕ್ಕೆ ಎರಡು ಆಕ್ಷೇಪ ಕೇಳಿಬರುತ್ತವೆ. ಒಂದು, ಇದು ಶುಭಸಂದೇಶ ಸಾರುವ ಬಗ್ಗೆ ಹೇಳಿದ್ದು, ಸಾರಿದ್ದನ್ನು ನಂಬಿದವರಿಗೆ ಕ್ಷಮೆ, ಅಷ್ಟೇ. ಸಾರಬೇಕು ಎಂಬುದು ನಿಜ, ಲೂಕ 24:47ರಲ್ಲಿ ಯೇಸು ಅದನ್ನೇ ಹೇಳುತ್ತಾರೆ. ಆದರೆ ಇಲ್ಲಿ ಅವರು "ನೀವು ಕ್ಷಮಿಸುತ್ತೀರೋ" ಅನ್ನುತ್ತಾರೆ. ಸಾರುವುದರ ಜೊತೆಗೆ ಇದೂ ಇದೆ.

ಇನ್ನೊಂದು, ಆ ಅಧಿಕಾರ ಪ್ರೇಷಿತರ ಜೊತೆಗೇ ಮುಗಿಯಿತು ಎಂಬುದು. ಪಾಪ ಅವರ ಜೊತೆ ಮುಗಿಯಲಿಲ್ಲವಲ್ಲ! ಆ ಸಂಜೆ ಕೋಣೆಯಲ್ಲಿ ಪೌಲ ಇರಲೇ ಇಲ್ಲ. ಆದರೂ 2 ಕೊರಿಂಥ 5:18ರಲ್ಲಿ, ದೇವರು ಸಂಧಾನದ ಸೇವೆಯನ್ನು ನಮಗೆ ಒಪ್ಪಿಸಿದ್ದಾರೆ ಎಂದು ಬರೆಯುತ್ತಾನೆ. ತಿಮೊಥೇಯನಿಗೆ ಬರೆಯುವಾಗ, ತಾನು ಕೈಯಿಟ್ಟಾಗ ದೊರೆತ ವರವನ್ನು ನೆನಪಿಸುತ್ತಾನೆ. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲೇ ಇದೆ. ಅಂದರೆ ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು.

ಯಕೋಬ 5ನ್ನೂ ಹೇಳಬೇಕು. "ಒಬ್ಬರಿಗೊಬ್ಬರು ಪಾಪಗಳನ್ನು ಒಪ್ಪಿಕೊಳ್ಳಿ" ಎಂಬ 16ನೇ ವಚನವನ್ನು ಮಾತ್ರ ತೆಗೆದುಕೊಂಡರೆ, ಯಾರ ಹತ್ತಿರವಾದರೂ ಹೇಳಬಹುದು ಅನ್ನಿಸುತ್ತದೆ. ಎರಡು ವಚನ ಹಿಂದಿನಿಂದ ಓದಿ. ಕಾಯಿಲೆಯವರು ಸಭೆಯ ಹಿರಿಯರನ್ನು ಕರೆಸಬೇಕು, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು, ಕಾಯಿಲೆಯವರು ಪಾಪ ಮಾಡಿದ್ದರೆ ಅದಕ್ಕೆ ಕ್ಷಮೆ ಸಿಗುತ್ತದೆ. ಅದರ ಬೆನ್ನಿಗೇ ಬರುತ್ತದೆ ಈ ಮಾತು.

"ದೇವರೊಬ್ಬರೇ ಹೊರತು ಪಾಪ ಕ್ಷಮಿಸಲು ಯಾರಿಂದ ಸಾಧ್ಯ?" ಈ ಪ್ರಶ್ನೆ ಬೈಬಲ್‌ನಲ್ಲೇ ಇದೆ. ಮಾರ್ಕ 2ರಲ್ಲಿ, ಕಪೆರ್ನೌಮಿನ ಮನೆಯ ಮಾಡು ತೆಗೆದು ಪಾರ್ಶ್ವವಾಯು ರೋಗಿಯನ್ನು ಇಳಿಸಿದಾಗ ಧರ್ಮಶಾಸ್ತ್ರಿಗಳು ಮನಸ್ಸಿನಲ್ಲೇ ಕೇಳಿಕೊಂಡದ್ದು ಇದನ್ನೇ. ರೋಗಿ ಎದ್ದು ನಡೆದ. ಅದೇ ಘಟನೆ ಹೇಳುವ ಮತ್ತಾಯ 9:8ರ ಕೊನೆಯಲ್ಲಿ, ಇಂಥ ಅಧಿಕಾರವನ್ನು ಮನುಷ್ಯರಿಗೆ ಕೊಟ್ಟ ದೇವರನ್ನು ಜನ ಕೊಂಡಾಡಿದರು ಎಂದಿದೆ. ಮನುಷ್ಯರಿಗೆ ಕೊಟ್ಟರು ಅಂತ ಕೋಪಿಸಿಕೊಳ್ಳಲಿಲ್ಲ, ಅದಕ್ಕಾಗಿಯೇ ಸ್ತುತಿಸಿದರು. ನನಗೆ ತುಂಬಾ ಇಷ್ಟವಾದ ವಚನ ಇದು.

ಹಾಗೆ ನೋಡಿದರೆ ಪ್ರೊಟೆಸ್ಟೆಂಟರೆಲ್ಲ ಇದನ್ನು ಬಿಟ್ಟವರೂ ಅಲ್ಲ. ಹಣ ಪಡೆದು ಪಾಪದ ಶಿಕ್ಷೆಯಿಂದ ವಿನಾಯಿತಿ ಕೊಡುವ ಪತ್ರ ಮಾರುತ್ತಿದ್ದುದನ್ನು, ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರ್ 1517ರಲ್ಲಿ ಖಂಡಿಸಿದರು. ಆ ದಂಧೆ ತಪ್ಪೇ. ಆದರೆ ಪಾಪನಿವೇದನೆಯನ್ನು ಅವರು ಎತ್ತಿ ಎಸೆಯಲಿಲ್ಲ. 1529ರ ಅವರ ಕಿರು ಧರ್ಮೋಪದೇಶದಲ್ಲಿ ಅದನ್ನು ಹೇಗೆ ಮಾಡಬೇಕೆಂಬ ಭಾಗವೇ ಇದೆ. ಲೂಥರ್ ಪಕ್ಷದವರ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯೂ ಖಾಸಗಿ ಪಾಪವಿಮೋಚನೆ (ಒಬ್ಬೊಬ್ಬರಿಗೇ ಪಾಪಕ್ಷಮೆ ಸಾರುವುದು) ಸಭೆಗಳಲ್ಲಿ ಉಳಿಯಬೇಕು ಅನ್ನುತ್ತದೆ. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ, ರೋಗಿಯ ಬಳಿ ಹೋದ ಪಾದ್ರಿ ಕ್ರಿಸ್ತರು ಕೊಟ್ಟ ಅಧಿಕಾರದಿಂದ ಪಾಪವಿಮೋಚನೆ ಹೇಳುವ ಕ್ರಮವಿದೆ. 1947ರಲ್ಲಿ ಹುಟ್ಟಿದ ಸಿಎಸ್‌ಐ ಸಭೆಯಲ್ಲಿ ಆಂಗ್ಲಿಕನ್ ಪರಂಪರೆಯೂ ಕೂಡಿಕೊಂಡಿದೆ. ಸಿಎಸ್‌ಐ ಸ್ನೇಹಿತರು ಆ ಪುಟ ಒಮ್ಮೆ ನೋಡಬೇಕು.

ಪಾಪನಿವೇದನೆ ಮಾಡುವಾಗ ಒಳಗೆ ಏನು ನಡೆಯುತ್ತದೆ ಅನ್ನುವುದೂ ಹಲವರಿಗೆ ಗೊತ್ತಿಲ್ಲ. ಜಾಲರಿಯ ಪಕ್ಕ ಮಂಡಿಯೂರಿ, ಶಿಲುಬೆಯ ಗುರುತು ಹಾಕಿ, ಹಿಂದಿನ ಪಾಪನಿವೇದನೆ ಮಾಡಿ ಎಷ್ಟು ದಿನವಾಯಿತು ಅಂತ ಹೇಳಿ ಶುರು ಮಾಡುತ್ತೇವೆ. ಕಾಸು ಕೊಡುವ ಮಾತೇ ಇಲ್ಲ. ಕೊನೆಗೆ ಗುರುಗಳು ಕೈಯೆತ್ತಿ ಹೇಳುವ ಪ್ರಾರ್ಥನೆ ಕರುಣಾಮಯ ಪಿತನಿಂದ ಶುರುವಾಗುತ್ತದೆ. ಅವರ ಪುತ್ರನ ಮರಣ, ಪುನರುತ್ಥಾನ, ಪವಿತ್ರಾತ್ಮರ ವರ ಎಲ್ಲ ಹೇಳಿಯಾದ ಮೇಲೆಯೇ "ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ" ಎಂಬ ಮಾತು, ಅದೂ ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ. ಆ ಮಾತು ಕಿವಿಗೆ ಬಿದ್ದಾಗ ಸಿಗುವ ನೆಮ್ಮದಿಗಾಗಿ ನಾನು ಎಷ್ಟು ಹೊತ್ತು ಬೇಕಾದರೂ ಸಾಲಿನಲ್ಲಿ ನಿಲ್ಲುತ್ತೇನೆ. ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ನೇರವಾಗಿ ಬಯಲು ಮಾಡಿದರೆ ಆ ಕ್ಷಣವೇ ಅವರಿಗೆ ಧರ್ಮಸಭೆಯಿಂದ ಬಹಿಷ್ಕಾರ. ಗುರುಗಳು ತಮಗೆ ತಾವೇ ಕ್ಷಮೆ ಕೊಟ್ಟುಕೊಳ್ಳುವಂತೆಯೂ ಇಲ್ಲ, ಇನ್ನೊಬ್ಬ ಗುರುಗಳ ಮುಂದೆ ಮಂಡಿಯೂರಬೇಕು. 2014ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರೇ ಸಂತ ಪೇತ್ರರ ಮಹಾದೇವಾಲಯದಲ್ಲಿ ಎಲ್ಲರೆದುರು ಒಬ್ಬ ಗುರುವಿನ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದರು.

"ಹಾಗಾದರೆ ಶನಿವಾರ ಹೇಳಿ, ಸೋಮವಾರ ಮತ್ತೆ ಮಾಡಬಹುದಲ್ಲ?" ಅಂತಲೂ ಕೇಳುತ್ತಾರೆ. ಇಲ್ಲ. ಬಿಡುವ ಮನಸ್ಸಿಲ್ಲದೆ ಸುಮ್ನೆ ಹೇಳಿಕೊಂಡರೆ ಆ ಪಾಪನಿವೇದನೆಗೆ ಬೆಲೆಯಿಲ್ಲ. ಬೇರೆಯವರ ಗದ್ದೆ ಒತ್ತಿಕೊಂಡವನು, ಬಿಟ್ಟುಕೊಡಲು ಸಾಧ್ಯವಿದ್ದೂ, ಕೊಡುವುದಿಲ್ಲ ಅಂತ ಹಟ ಹಿಡಿದು ಬಂದರೆ ಗುರುಗಳು ಪಾಪವಿಮೋಚನೆ ಕೊಡುವಂತಿಲ್ಲ. ಲೂಕ 19ರಲ್ಲಿ ಬರುವ ಸುಂಕದವ ಜಕ್ಕಾಯ, ತಾನು ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದಮೇಲೆ, ಈ ದಿನ ಈ ಮನೆಗೆ ರಕ್ಷಣೆ ಬಂದಿತು ಅಂದರು ಯೇಸು. "ಕ್ಷಮಿಸದೆ ಉಳಿಸುವುದು" ಅಂತ ಅವರು ಹೇಳಿದ್ದನ್ನು ನಾವು ಈಗಲೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ.