ರೀಲಿನಲ್ಲಿ ಸದ್ದಿರಲಿಲ್ಲ

ಅಪ್ಪ ಹೋದ ಮೇಲೆ ಬೆಂಗಳೂರಿನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಹಳೇ ಬಿಸ್ಕತ್ತಿನ ಡಬ್ಬ ಸಿಕ್ಕಿತು. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವಂಥ ವಿನೆಗರ್ ವಾಸನೆ. ಒಳಗೆ ಅಂಗೈಯಗಲದ ಒಂಬತ್ತು ರೀಲುಗಳು. "ಇದು ನಿನ್ನ ಅಪ್ಪಚ್ಚಿ ತೆಗೆದದ್ದು" ಅಂದರು ಅಮ್ಮ. ನಮ್ಮ ಹವ್ಯಕರಲ್ಲಿ ಅಪ್ಪನ ತಮ್ಮನಿಗೆ ಅಪ್ಪಚ್ಚಿ ಅನ್ನುವುದು. ಎಪ್ಪತ್ತರ ದಶಕದಲ್ಲಿ ಅಪ್ಪಚ್ಚಿ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದರು. ಅಲ್ಲೊಂದು ಸೂಪರ್ 8 ಸಿನಿಮಾ ಕ್ಯಾಮರಾ ಕೊಂಡು, ರಜೆಗೆ ಊರಿಗೆ ಬಂದಾಗೆಲ್ಲ ಕಾಸರಗೋಡಿನಲ್ಲಿ ಅದನ್ನು ಹಿಡಿದು ತಿರುಗುತ್ತಿದ್ದರಂತೆ. ಪ್ರೊಜೆಕ್ಟರ್ ಮಾತ್ರ ನಮ್ಮ ಮನೆಯಲ್ಲಿತ್ತು. ಅದು ಕೆಟ್ಟಿತು, ಡಬ್ಬ ಅಟ್ಟ ಸೇರಿತು.

ವಿನೆಗರ್ ವಾಸನೆ ಬಂತೆಂದರೆ ಫಿಲ್ಮು ಸಾಯುತ್ತಿದೆ ಅಂತ ಅರ್ಥ. ಸೆಕೆ, ತೇವ ಎರಡೂ ಸೇರಿದರೆ ಅಸಿಟೇಟ್ ಫಿಲ್ಮು ಒಳಗೊಳಗೇ ಕೊಳೆಯುತ್ತದೆ, ಸುರುಟುತ್ತದೆ. ಒಂದು ರೀಲು ಕರಿದ ಹಪ್ಪಳದ ಹಾಗೆ ಮುರುಟಿತ್ತು. ಮುಟ್ಟಿದರೆ ಚೂರಾಗುತ್ತಿತ್ತು, ಅದನ್ನು ಬಿಟ್ಟೆವು. ಉಳಿದ ಎಂಟನ್ನು ಒಂದೊಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿಸಿದೆ. ಒಂದು ರೀಲು 50 ಅಡಿ ಉದ್ದ. ಸೆಕೆಂಡಿಗೆ 18 ಚಿತ್ರದ ಲೆಕ್ಕದಲ್ಲಿ ಓಡಿದರೆ 3 ನಿಮಿಷ 20 ಸೆಕೆಂಡು. ಎಂಟೂ ಸೇರಿದರೂ ಅರ್ಧ ಗಂಟೆ ಆಗುವುದಿಲ್ಲ.

ಆ ಅರ್ಧ ಗಂಟೆಯನ್ನು ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಅಪ್ಪಚ್ಚಿ ತೆಗೆದದ್ದು ಮನೆಯವರನ್ನು. ಅಪ್ಪ ಅಮ್ಮನ ಮದುವೆ, ಅಜ್ಜಿ, ಅಂಗಳದಲ್ಲಿ ಅಡಿಕೆ. ಆದರೆ ನನ್ನ ಕಣ್ಣು ಅವರ ಬೆನ್ನ ಹಿಂದೆಯೇ ಹೋಗುತ್ತಿತ್ತು. ಹಂಚಿನ ಮಾಡಿನ ಅಂಗಡಿಗಳು. ಬಾಗಿಲಲ್ಲಿ ನೇತಾಡುತ್ತಾ ಬಾಯಿ ದೊಡ್ಡದು ಮಾಡಿ ಏನೋ ಕೂಗುತ್ತಿರುವ ಬಸ್ ಕಂಡಕ್ಟರ್. ಮೈಕ್ ಕಟ್ಟಿದ ಜೀಪು, ಅದರ ಹಿಂದೆ ಓಡುವ ಮಕ್ಕಳು. ಹೊಳೆ ದಾಟುವ ದೋಣಿ. ಇದ್ಯಾವುದಕ್ಕೂ ಸದ್ದಿಲ್ಲ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುವ ಊರು ಅದು. ಅಂಥ ಊರು ಮೂಕವಾಗಿ ನಡೆದಾಡುವುದನ್ನು ನೋಡಿ ಹೊಟ್ಟೆಯೊಳಗೆ ಸಂಕಟವಾಯಿತು. ಮದುವೆಯ ರೀಲಿನ ಕೊನೆಯಲ್ಲಿ ಅಪ್ಪ ಕ್ಯಾಮರಾದ ಕಡೆ ತಿರುಗಿ ಏನೋ ಹೇಳುತ್ತಾರೆ. ಎರಡೇ ಸೆಕೆಂಡು. ಏನು ಹೇಳಿದ್ದು ಅಂತ ಅಮ್ಮನಿಗೂ ನೆನಪಿಲ್ಲ.

ಕಳೆದ ಏಪ್ರಿಲಿನಲ್ಲಿ ಎಲ್ಲವನ್ನೂ ಮೊಬೈಲಿಗೆ ಹಾಕಿಕೊಂಡು ಕಣ್ಣೂರಿಗೆ ಹೋಗುವ ರಾತ್ರಿ ರೈಲು ಹತ್ತಿದೆ.

ಬೆಳಿಗ್ಗೆ ಮಂಗಳೂರು ಸೆಂಟ್ರಲಿನಲ್ಲಿ ರೈಲು ಬಂದ ಮುಖಕ್ಕೇ ಹಿಂದೆ ತಿರುಗುತ್ತದೆ. ನೇತ್ರಾವತಿ ದಾಟಿದರೆ ಉಳ್ಳಾಲ, ಆಮೇಲೆ ಗೋವಿಂದ ಪೈಗಳ ಮಂಜೇಶ್ವರ, ಉಪ್ಪಳ, ಶಿರಿಯ ಹೊಳೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ. 1907ರಲ್ಲಿ ಹಾಕಿದ ದಾರಿ ಇದು. ಕಿಟಕಿಯಲ್ಲಿ ಒಮ್ಮೆ ತೆಂಗು, ಒಮ್ಮೆ ಸಮುದ್ರ. ಈ ಭಾಗ ರೀಲಿನಲ್ಲೂ ಇದೆ, ಹೆಚ್ಚೇನೂ ಬದಲಾಗಿಲ್ಲ.

ಸ್ಟೇಷನ್ನಿಗೆ ಅಪ್ಪಚ್ಚಿಯ ಮಗ ಸ್ಕೂಟರು ತಂದಿದ್ದ. "ಅಕ್ಕಾ, ಮೊದಲು ಮನೆಗಾ?" ಅಂದ. "ಇಲ್ಲ, ಮೊದಲು ಪೇಟೆ" ಅಂದೆ.

ಕರಂದಕ್ಕಾಡಿನಲ್ಲಿ ಇಳಿದು ಮೊಬೈಲ್ ತೆಗೆದೆ. ರೀಲಿನಲ್ಲಿ ಇಲ್ಲಿ ಎರಡೂ ಕಡೆಯ ಮರಗಳು ರಸ್ತೆಯ ಮೇಲೆ ಕೈ ಕೈ ಹಿಡಿದುಕೊಂಡಿವೆ. ಒಂದು ಅಂಬಾಸಿಡರ್ ಕಾರು ನೆರಳಿನೊಳಗೆ ಹೋಗಿ ಮಾಯವಾಗುತ್ತದೆ. ಈಗ ಅದೇ ಜಾಗದಲ್ಲಿ ಒಂಟಿ ಕಂಬಗಳ ಮೇಲೆ ನಿಂತ ಫ್ಲೈಓವರ್. ಇಲ್ಲಿಂದ ನುಳ್ಳಿಪ್ಪಾಡಿಯವರೆಗೆ ಪೇಟೆಯ ತಲೆಯ ಮೇಲೇ ಹೋಗುತ್ತದೆ. ಆಗಿನ ಹೆದ್ದಾರಿ 17 ಈಗಿನ 66, ಆರು ಪಥ. ಗಡಿಯ ತಲಪಾಡಿಯಿಂದ ಇಲ್ಲಿಗೆ ಬರುವ ಹೊತ್ತು ಎಷ್ಟೋ ಕಮ್ಮಿಯಾಗಿದೆ ಅಂತ ತಮ್ಮ ಹೇಳಿದ. ಆಸ್ಪತ್ರೆಗೆ ಮಂಗಳೂರಿಗೇ ಓಡಬೇಕಾದ ಊರಿನಲ್ಲಿ ಅದು ಸಣ್ಣ ಮಾತಲ್ಲ. ರಸ್ತೆ ಬೇಕಿತ್ತು, ನಾನು ಬೇಡ ಅನ್ನುವುದಿಲ್ಲ. ಆದರೆ ಕಾಸರಕ ಮರಗಳಿಂದ ಹೆಸರು ಬಂತು ಅಂತ ಹಿರಿಯರು ಹೇಳುವ ಊರಿನಲ್ಲಿ, ಏಪ್ರಿಲ್ ಬಿಸಿಲಿಗೆ ನಿಲ್ಲಲು ನನಗೆ ಸಿಕ್ಕಿದ್ದು ಕಾಂಕ್ರೀಟಿನ ನೆರಳು. ಅದು ನನಗೆ ನೋವಾಯಿತು.

ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಹಾದಂಗಡಿಯಲ್ಲಿ ಕೂತೆವು. ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು ನನ್ನ ಮೊಬೈಲಿನ ಕಡೆ ಬಗ್ಗಿದರು. ತೋರಿಸಿದೆ. ಕಂಡಕ್ಟರ್ ಬಂದಾಗ ಅವರು ಪಟ್ಟನೆ ನನ್ನ ಕೈ ಹಿಡಿದರು. ಬಸ್ಸಿನ ಬೋರ್ಡು ನೋಡಿ, ಪುತ್ತೂರು ಅಂತ ಕನ್ನಡದಲ್ಲಿ ಉಂಟು ಅಂದರು. ನಾನು ಅಷ್ಟು ಸಲ ನೋಡಿಯೂ ಅದನ್ನು ಗಮನಿಸಿರಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, ಅಂಗಡಿಯವರೆಲ್ಲ ತಿರುಗುವ ಹಾಗೆ ಕೂಗಿದರು: "ಚೆರ್ಕಳ-ಬದಿಯಡ್ಕ-ಪೆರ್ಲ-ಪುತ್ತೂರ್! ಪೋಟ್ಟೇ... ರೈಟ್!"

ಪೋಟ್ಟೇ ಅಂದರೆ ಮಲಯಾಳದಲ್ಲಿ ಹೋಗಲಿ ಅಂತ. ಮೂರು ಭಾಷೆ ಒಂದೇ ಉಸಿರಿನಲ್ಲಿ. ನಾನು ಮತ್ತೆ ರೀಲು ಓಡಿಸಿದೆ. ಕಂಡಕ್ಟರನ ಬಾಯಿಗೆ ಆ ಮಾತು ಸರಿಯಾಗಿ ಕೂತಿತು.

ಅಲ್ಲಿಂದ ಮುಂದೆ ನಾನು ಮಾಡಿದ್ದು ಅದೊಂದೇ ಕೆಲಸ. ಸಿಕ್ಕವರಿಗೆಲ್ಲ ತೋರಿಸುವುದು, ಸುಮ್ನೆ ಕಾಯುವುದು.

ರೀಲಿನಲ್ಲಿ ಒಂದು ಕಚೇರಿಯ ಬೋರ್ಡಿದೆ, ಅದರಲ್ಲಿ ಕಾಸರಗೋಡು ಬರೀ ತಾಲೂಕು. ಆಗ ಇದು ಕಣ್ಣೂರು ಜಿಲ್ಲೆಗೆ ಸೇರಿತ್ತು. ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಬಟ್ಟೆಯಂಗಡಿಗಳ ಮೇಲೆ ಕನ್ನಡದ ದಪ್ಪ ಅಕ್ಷರಗಳಿವೆ, ಬಣ್ಣದ ಬ್ರಷ್ಷಿನಲ್ಲಿ ಬರೆದವು. ಈಗ ಮಲಯಾಳ, ಇಂಗ್ಲಿಷಿನ ಫ್ಲೆಕ್ಸುಗಳ ನಡುವೆ ಕನ್ನಡವನ್ನು ಹುಡುಕಬೇಕು. ಸಿಕ್ಕಿದಾಗ ನೆಂಟರು ಸಿಕ್ಕಿದಷ್ಟು ಖುಷಿ. ಹಾಗೆ ಹುಡುಕುವಂತಾದದ್ದು ಮಾತ್ರ ಖುಷಿಯ ವಿಷಯ ಅಲ್ಲ, ಅಲ್ವಾ?

ಮಧ್ಯಾಹ್ನ ತಳಂಗರೆ. ಮಾಲಿಕ್ ದೀನಾರ್ ಮಸೀದಿಯ ಊರು, ಬಿಳಿ ಟೊಪ್ಪಿಯ ಊರು. ಕೈಯಲ್ಲಿ ಹೊಲಿಯುವ ಇಲ್ಲಿಯ ಟೊಪ್ಪಿ ಒಂದು ಕಾಲದಲ್ಲಿ ಕೊಲ್ಲಿ ದೇಶಗಳಿಗೂ ಹೋಗುತ್ತಿತ್ತು. ಈಗ ಹೊಲಿಯುವ ಕೈಗಳು ತೀರಾ ಕಮ್ಮಿ. ನಾವು ಚಂದ್ರಗಿರಿ ಹೊಳೆಯ ದಡಕ್ಕೆ ಹೋದೆವು. ನನ್ನ ಇಷ್ಟದ ರೀಲು ಹೊಳೆಯದೇ. ಆಗ ಇಲ್ಲಿ ವಾಹನ ಹೋಗುವ ಸೇತುವೆ ಇರಲಿಲ್ಲ, ದಾಟಬೇಕಾದರೆ ಕಡವಿನ ದೋಣಿ. ರೀಲಿನಲ್ಲಿ ಹತ್ತು ಹನ್ನೆರಡು ಜನ ದೋಣಿಯೊಳಗೆ ನಿಂತಿದ್ದಾರೆ. ಕೊಡೆ, ಬಟ್ಟೆಯ ಗಂಟು, ಒಬ್ಬನ ಕಂಕುಳಲ್ಲಿ ಕೋಳಿ. ದೂರದಲ್ಲಿ ರೈಲ್ವೆ ಸೇತುವೆ. ದಡದಲ್ಲಿ ಉಳಿದುಹೋದ ಹುಡುಗನೊಬ್ಬ ಎರಡೂ ಕೈಯನ್ನು ಬಾಯಿಗೆ ಹಿಡಿದು ನಿಂತಿದ್ದಾನೆ. ಅವನು ಅಳುತ್ತಿದ್ದಾನೆ ಅಂತ ನಾನು ಅಂದುಕೊಂಡಿದ್ದೆ.

ದಡದಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬರಿಗೆ ತೋರಿಸಿದೆ. ವಯಸ್ಸು ಎಪ್ಪತ್ತರ ಮೇಲೆ ಇರಬೇಕು. ಬಿಸಿಲಿಗೆ ಪರದೆ ಕಾಣದೆ, ತಲೆಯ ಮೇಲಿನ ಟವೆಲ್ ತೆಗೆದು ನಮ್ಮಿಬ್ಬರ ತಲೆಗೂ ಮುಚ್ಚಿದರು. ಆ ಕತ್ತಲೆಯೊಳಗೆ, ಮೀನಿನ ವಾಸನೆಯ ನಡುವೆ, ಅವರು ಮೂರು ಸಲ ನೋಡಿದರು. "ಅಳುವುದಲ್ಲ ಮೋಳೇ" ಅಂದರು. ಎದ್ದು ನೀರಿನ ಹತ್ತಿರ ಹೋಗಿ ಆ ಹುಡುಗನ ಹಾಗೆಯೇ ಕೈ ಹಿಡಿದು ಕೂಗಿದರು.

"ಕೂ...ಯ್!"

ಆಚೆ ದಡಕ್ಕೆ ಹೋಗಿ ಮುಟ್ಟುವಂಥ ಕೂಗು. ದೋಣಿಯವನನ್ನು ಕರೆಯುವುದು ಹಾಗೆ. ಸೇತುವೆಯ ಮೇಲೆ ಬಸ್ಸು ಹೋಗುತ್ತಲೇ ಇತ್ತು. ಅವರು ಸ್ವಲ್ಪ ಹೊತ್ತು ಆಚೆ ನೋಡುತ್ತಾ ನಿಂತರು, ನಾನೂ ನಿಂತೆ. ನನ್ನ ಮೈ ಜುಂ ಅಂದಿತ್ತು.

ಸಂಜೆ ಆಚೆ ದಡದ ಚಂದ್ರಗಿರಿ ಕೋಟೆ ಹತ್ತಿದೆವು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಮುರಕಲ್ಲಿನ ಕೋಟೆ. ಬೇಕಲಕ್ಕೆ ಹೋಗುವವರು ಇಲ್ಲಿ ನಿಲ್ಲುವುದಿಲ್ಲ, ಅದರಿಂದ ಸದ್ದಿಲ್ಲ. ಮೇಲಿಂದ ಹೊಳೆ ಸಮುದ್ರ ಸೇರುವುದು ಕಾಣುತ್ತದೆ. 1967ರಲ್ಲಿ ರಾಜ್ಯಗಳ ಗಡಿ ಜಗಳ ಬಿಡಿಸಲು ಬಂದ ಮಹಾಜನ ಆಯೋಗ, ಈ ಹೊಳೆಯ ಉತ್ತರಕ್ಕಿರುವ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕು ಅಂತ ಹೇಳಿತ್ತು. ಅದು ಕಾಗದದಲ್ಲೇ ಉಳಿಯಿತು. ನಮ್ಮ ಅಜ್ಜ ಕೊನೆಯವರೆಗೂ ಆ ಸುದ್ದಿಗೆ ಕಾದಿದ್ದರು.

ಮರುದಿನ ಅನಂತಪುರಕ್ಕೂ ಹೋಗಿ ಬಂದೆವು. ರೀಲಿನಲ್ಲಿ ಅಲ್ಲಿಯ ದೇವಸ್ಥಾನದ ಕೆರೆಯ ನೀರಿನ ಮೇಲೆ ಒಂದು ಮೂಗು ಮಾತ್ರ ಕಾಣುತ್ತದೆ, ಬಬಿಯಾ ಮೊಸಳೆಯದು. ಅದು 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ನಾವು ಹೋದಾಗ ನೀರು ಅಲುಗಲಿಲ್ಲ.

ಅಪ್ಪಚ್ಚಿಯ ಮನೆ ಮಧೂರಿನ ದಾರಿಯಲ್ಲಿ. ಅಂಗಳದ ತುಂಬ ಹಲಸಿನ ಹಪ್ಪಳ ಒಣಗುತ್ತಿತ್ತು. "ಬಾ ಕೂಸೇ, ಆಸರಿಂಗೆ ಎಂತ ಆಯೆಕ್ಕು?" ಅಂತ ಚಿಕ್ಕಮ್ಮ ಪುನರ್ಪುಳಿ ಶರಬತ್ತು ತಂದರು. ಅಪ್ಪಚ್ಚಿಗೆ ಈಗ 82. ಕಿವಿ ಮಂದ, ಕಣ್ಣು ಚುರುಕು. ರೀಲುಗಳನ್ನು ಟಿವಿಗೆ ಹಾಕಿದ್ದು ತಮ್ಮ.

ಅಪ್ಪಚ್ಚಿ ಮೊದಮೊದಲು ಮಾತಾಡಲೇ ಇಲ್ಲ. ಬಲಗೈಯ ತೋರುಬೆರಳು ಮಾತ್ರ ಕುರ್ಚಿಯ ಕೈ ಮೇಲೆ ಆಗಾಗ ಒತ್ತುತ್ತಿತ್ತು. ಪ್ರತಿ ಸಲ ಒತ್ತಿದಾಗಲೂ ಪರದೆಯ ಮೇಲೆ ದೃಶ್ಯ ಬದಲಾಗುತ್ತಿತ್ತು. ಎಲ್ಲಿ ನಿಲ್ಲಿಸಿದ್ದು, ಎಲ್ಲಿ ಶುರು ಮಾಡಿದ್ದು ಆ ಬೆರಳಿಗೆ ಇನ್ನೂ ನೆನಪಿತ್ತು. ಮೈಕಿನ ಜೀಪು ಬಂದದ್ದೇ ತಡ, ಕೂತಲ್ಲಿಂದಲೇ ದನಿ ಎತ್ತಿದರು: "ಕಲಾಭಿಮಾನಿಗಳೇ! ಇಂದು ರಾತ್ರಿ ಒಂಬತ್ತೂವರೆಗೆ ಸರಿಯಾಗಿ... ಬನ್ನಿರಿ, ನೋಡಿರಿ, ಆನಂದಿಸಿರಿ!" ಯಕ್ಷಗಾನ ಮೇಳದ ಜೀಪು ಅದು. ಮಕ್ಕಳು ಓಡುತ್ತಿದ್ದದ್ದು ಬಣ್ಣದ ಕಾಗದದ ನೋಟೀಸಿಗೆ.

ಮದುವೆಯ ರೀಲು ಕೊನೆಗಿಟ್ಟಿದ್ದೆ. ಅಪ್ಪ ಕ್ಯಾಮರಾದ ಕಡೆ ತಿರುಗಿದರು, ತುಟಿ ಆಡಿತು, ಪರದೆ ಬೆಳ್ಳಗಾಯಿತು. ಕೇಳಲು ನನಗೆ ಧೈರ್ಯ ಬರಲಿಲ್ಲ, ತಮ್ಮನೇ ಅವರ ಕಿವಿಯ ಹತ್ತಿರ ಜೋರಾಗಿ ಕೇಳಿದ.

"ಎಂತ ಹೇಳುದು," ಅಂದರು ಅಪ್ಪಚ್ಚಿ. "ಸಾಕು ಮಾಡು, ರೀಲು ಮುಗಿಗು ಹೇಳಿದ° ಅಣ್ಣ. ಅಷ್ಟಪ್ಪಗಳೇ ಮುಗುದತ್ತು."

ಚಿಕ್ಕಮ್ಮ ಹಪ್ಪಳ ಮಗುಚಲು ಎದ್ದು ಹೋದರು. ಅಪ್ಪಚ್ಚಿ ಬಿಳಿ ಪರದೆಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಇನ್ನೊಂದರಿ ಹಾಕು ಕೂಸೇ."